ಮನೆಯ ಬಾಗಿಲಿಗೆ ಬರುವ ದಾರಿ

ವಿದ್ಯಾರ್ಥಿಗಳೇ, ನಿಮ್ಮ ಮನೆಯನ್ನು ಕುರಿತು ಪ್ರಬಂಧ ಬರೆಯಿರೆಂದು ಹೇಳಿದರೆ ನೀವು ಅಡುಗೆಮನೆಯಿಂದ ಆರಂಭಿಸಿ ದೇವರ ಗೂಡಿನವರೆಗೆ ಎಲ್ಲವನ್ನೂ ವರ್ಣಿಸುತ್ತೀರಿ. ಕಿಟಕಿ, ಗ್ಯಾಲರಿ, ನಲ್ಲಿಯಲ್ಲಿ ನೀರು ಬರುವ ಹೊತ್ತು, ನೆರೆಮನೆಯ ಮಾಮಿಯ ಸ್ವಭಾವ, ಯಾವುದನ್ನೂ ಬಿಡುವುದಿಲ್ಲ. ಆದರೆ ಆ ಮನೆಗೆ ಹೋಗುವ ದಾರಿಯ ಅಗಲವೆಷ್ಟು, ಅದು ಎಲ್ಲಿ ತಿರುಗುತ್ತದೆ, ಎಲ್ಲಿ ಮುಗಿಯುತ್ತದೆ ಎಂಬುದನ್ನು ಬರೆದ ವಿದ್ಯಾರ್ಥಿಯನ್ನು ನಾವು ಇದುವರೆಗೆ ಕಂಡಿಲ್ಲ. ದಾರಿಯೆಂಬುದು ಮನೆಗೆ ಹೊರಗಿನದು ಎಂದು ನಮ್ಮೆಲ್ಲರ ಎಣಿಕೆ. ವಿಚಾರಿಸಿ ನೋಡಿದರೆ ದಾರಿಯೇ ಮನೆಯ ಮೊದಲನೆಯ ಕೋಣೆ. ಹಾಲಿನವನು, ಗ್ಯಾಸಿನ ಸಿಲಿಂಡರು ತರುವವನು, ವೈದ್ಯರು, ಮದುವೆಯ ದಿಬ್ಬಣ, ಕೊನೆಯ ಯಾತ್ರೆ, ಎಲ್ಲವೂ ಆ ಕೋಣೆಯನ್ನು ಹಾದೇ ಬರಬೇಕು, ಹಾದೇ ಹೋಗಬೇಕು.

ಮನೆಗಳು ಮೊದಲು ಹುಟ್ಟಿ, ಅವುಗಳ ನಡುವೆ ಉಳಿದ ಸಂದಿಯೇ ಬೀದಿಯಾದರೆ ಅದು ತಾನಾಗಿ ಬೆಳೆದ ಊರು. ಬೀದಿಗಳನ್ನು ಮೊದಲು ಗೆರೆ ಎಳೆದು, ಆ ಗೆರೆಗಳ ಇಕ್ಕೆಲಗಳಲ್ಲಿ ಮನೆಗಳನ್ನು ಕಟ್ಟಿದರೆ ಅದು ಯೋಜಿತ ಬಡಾವಣೆ. ಹೀಗೆ ಎಳೆಯುವ ಬೀದಿಗಳ ಅಗಲ, ಉದ್ದ, ತಿರುವು ಇವಕ್ಕೆಲ್ಲ ನಿಯಮಗಳುಂಟು. ನಿಯಮದ ಪುಸ್ತಕದಲ್ಲಿ ಬರಿಯ ಅಂಕೆಗಳಿರುತ್ತವೆ. ಕಾರಣಗಳನ್ನು ಅಲ್ಲಿ ಬರೆದಿರುವುದಿಲ್ಲ. ಆ ಕಾರಣಗಳನ್ನು ನಾವು ಇಲ್ಲಿ ಹುಡುಕಿ ನೋಡೋಣ.

ನಮ್ಮ ಭಾಷೆಯಲ್ಲಿ ದಾರಿಗೆ ಹೆಸರುಗಳು ಅನೇಕ. ಸಂದಿ, ಓಣಿ, ಕೇರಿ, ಬೀದಿ, ಹೆದ್ದಾರಿ ಎಂಬ ಮಾತುಗಳಲ್ಲಿಯೇ ಅಳತೆಯ ಸೂಚನೆಯಿದೆ. ಧಾರವಾಡದ ಕಡೆಯವರ ಓಣಿಯು ಮುಂಬಯಿಗೆ ಬಂದು ಗಲ್ಲಿಯಾಯಿತು. ಇವೆಲ್ಲಕ್ಕಿಂತಲೂ ವಿಚಾರಾರ್ಹವಾದ ಹೆಸರೆಂದರೆ ರಥಬೀದಿ. ಬೇಸಿಗೆಯ ರಜೆಯಲ್ಲಿ ಊರಿಗೆ ಹೋದಾಗ ಉಡುಪಿಯ ರಥಬೀದಿಯನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಅದರ ಅಗಲವನ್ನು ಅಲ್ಲಿಯ ಮನೆಯವರ ಅನುಕೂಲ ನೋಡಿ ನಿಶ್ಚಯಿಸಿದ್ದಲ್ಲ. ರಥದ ಅಗಲ, ಹಗ್ಗ ಹಿಡಿದು ಎಳೆಯುವವರ ಸಾಲು, ಬದಿಯಲ್ಲಿ ನಿಂತು ಕೈಮುಗಿಯುವ ಜನ, ಇಷ್ಟಕ್ಕೂ ಎಡೆ ಬೇಕು. ಅಲ್ಲದೆ ರಥವು ಮೂಲೆಯಲ್ಲಿ ತಿರುಗಬೇಕು. ರಥದ ಗಾಲಿಗಳು ಮೋಟಾರಿನ ಗಾಲಿಗಳಂತೆ ಪಕ್ಕಕ್ಕೆ ಹೊರಳುವುದಿಲ್ಲ. ಮರದ ತುಂಡುಗಳನ್ನು ಗಾಲಿಗೆ ಒಡ್ಡಿ, ಸ್ವಲ್ಪ ಸ್ವಲ್ಪವಾಗಿ ದಿಕ್ಕು ಬದಲಿಸಬೇಕಾಗುತ್ತದೆ. ಆದುದರಿಂದ ಮೂಲೆಯು ವಿಶಾಲವಾಗಿರಬೇಕು. ವರ್ಷದ ಮುನ್ನೂರು ದಿನ ಆ ಅಗಲವು ಹೆಚ್ಚೆನಿಸಿದರೂ ತೇರಿನ ದಿನ ಒಂದು ಗೇಣು ಕಡಮೆಯಾದರೆ ತೇರು ನಿಂತುಹೋಗುತ್ತದೆ. ಬೀದಿಗೆ ಬರಲೇಬೇಕಾದ ಅತ್ಯಂತ ದೊಡ್ಡ ವಾಹನವೇ ಬೀದಿಯ ಅಳತೆಗೋಲು ಎಂಬ ತತ್ತ್ವವು ಇಲ್ಲಿಯೇ ಇದೆ. ಇಂದಿನ ಇಂಜಿನಿಯರರು ತೇರಿನ ಬದಲು ಅಗ್ನಿಶಾಮಕ ವಾಹನವನ್ನು ಇಟ್ಟುಕೊಂಡಿದ್ದಾರೆ, ಅಷ್ಟೇ.

ಇನ್ನು ನಾವು ವಾಸಿಸುವ ಈ ಮುಂಬಯಿಯ ಕಥೆಗೆ ಬರೋಣ. ೧೮೯೬ರ ಸೆಪ್ಟೆಂಬರಿನಲ್ಲಿ ಮಾಂಡ್ವಿಯ ಬಳಿ ಪ್ಲೇಗು ಕಾಣಿಸಿಕೊಂಡಿತು. ಅದನ್ನು ಮೊದಲು ಗುರುತಿಸಿದವರು ಡಾಕ್ಟರ್ ಅಕಾಸಿಯೊ ವಿಯೆಗಾಸ್. ಜನರು ಗುಂಪುಗುಂಪಾಗಿ ಊರು ಬಿಟ್ಟು ಓಡಿದರು. ಗಾಳಿ ಬೆಳಕುಗಳಿಲ್ಲದ ಇಕ್ಕಟ್ಟಾದ ಗಲ್ಲಿಗಳೇ ರೋಗದ ತವರೆಂದು ಆಗಿನ ಅಧಿಕಾರಿಗಳು ನಂಬಿದರು. ಇಲಿಯ ಮೈಮೇಲಿನ ಚಿಗಟದಿಂದ ಪ್ಲೇಗು ಹರಡುತ್ತದೆ ಎಂಬುದು ಇನ್ನೂ ದೃಢಪಟ್ಟಿರಲಿಲ್ಲ. ಕಾರಣವನ್ನು ಅರ್ಧ ಮಾತ್ರ ತಿಳಿದಿದ್ದರೂ ಅವರು ಹಿಡಿದ ಉಪಾಯವು ನಗರದ ರೂಪವನ್ನೇ ಬದಲಿಸಿತು. ೧೮೯೮ರಲ್ಲಿ ಮುಂಬಯಿ ನಗರ ಸುಧಾರಣಾ ಮಂಡಳಿಯು ಸ್ಥಾಪಿತವಾಯಿತು. ‘ಬಿ.ಐ.ಟಿ. ಚಾಳು’ ಎಂದು ನೀವು ಕೇಳಿರುವಿರಲ್ಲ, ಅದರಲ್ಲಿಯ ಮೂರು ಅಕ್ಷರಗಳು ಈ ಮಂಡಳಿಯ ಇಂಗ್ಲಿಷ್ ಹೆಸರಿನವು. ಡಾಕ್ಟರ್ ಅಂಬೇಡ್ಕರರು ಪರೇಲಿನ ಇಂತಹ ಚಾಳಿನಲ್ಲಿ ಅನೇಕ ವರ್ಷ ವಾಸಿಸಿದ್ದರು.

ಮಂಡಳಿಯು ಹಳೆಯ ಊರಿನ ನಡುವೆ ಅಗಲವಾದ ರಸ್ತೆಗಳನ್ನು ಕೊರೆಯಿತು. ಇಂದಿನ ಮೊಹಮ್ಮದಲಿ ರಸ್ತೆ, ಪ್ರಿನ್ಸೆಸ್ ಸ್ಟ್ರೀಟ್ ಮುಂತಾದವು ಹೀಗೆ ಹುಟ್ಟಿದವು. ಸಮುದ್ರದ ಗಾಳಿಯು ಈ ರಸ್ತೆಗಳ ಮೂಲಕ ಊರಿನ ಒಳಗೆ ನುಗ್ಗಲಿ ಎಂಬುದು ಅವರ ಆಶಯ. ಆದರೆ ರಸ್ತೆಗೆಂದು ಕೆಡವಿದ ಮನೆಗಳಲ್ಲಿದ್ದ ಬಡವರೆಲ್ಲರಿಗೂ ಬೇರೆ ಮನೆಗಳು ದೊರೆಯಲಿಲ್ಲ. ಆರಂಭದ ವರ್ಷಗಳಲ್ಲಿ ಮಂಡಳಿಯು ಕೆಡವಿದಷ್ಟು ಕಟ್ಟಲಿಲ್ಲ. ಅವರು ಪಕ್ಕದ ಗಲ್ಲಿಗಳನ್ನು ಸೇರಿ, ಅಲ್ಲಿಯ ಇಕ್ಕಟ್ಟು ಮತ್ತಷ್ಟು ಹೆಚ್ಚಿತು. ಅಗಲವಾದ ರಸ್ತೆಯನ್ನು ಹೊಗಳುವಾಗ ಇದನ್ನೂ ಹೇಳದಿದ್ದರೆ ಪಾಠವು ಅಪೂರ್ಣವೆಂದು ನಮ್ಮ ಅಭಿಪ್ರಾಯ.

ಮಂಡಳಿಯ ಅಧ್ಯಕ್ಷರಾಗಿದ್ದ ಜೆ. ಪಿ. ಆರ್ ಎಂಬವರು ಬಹಳ ಒತ್ತಿ ಹೇಳಿದ ಒಂದು ನಿಯಮವು ಗಣಿತದಲ್ಲಿ ಆಸಕ್ತಿಯುಳ್ಳವರಿಗೆ ರುಚಿಸೀತು. ಅದು ಅರುವತ್ತಮೂರೂವರೆ ಡಿಗ್ರಿಯ ನಿಯಮ. ಕೆಳಮಹಡಿಯ ಕೋಣೆಯ ಹೊರಗೋಡೆಯ ಬುಡದಿಂದ, ನೆಲದೊಡನೆ ೬೩.೫ ಡಿಗ್ರಿ ಕೋನ ಮಾಡುವಂತೆ ಮೇಲಕ್ಕೆ ಒಂದು ರೇಖೆಯನ್ನು ಎಳೆಯಿರಿ. ಎದುರಿನ ಕಟ್ಟಡವು ಆ ರೇಖೆಗೆ ಅಡ್ಡ ಬರಬಾರದು. ಅಡ್ಡ ಬಂದರೆ ಕೆಳಮನೆಯವರಿಗೆ ಆಕಾಶವು ಕಾಣುವುದಿಲ್ಲ ಎಂದರ್ಥ. ಈ ಕೋನದ ಟ್ಯಾಂಜೆಂಟು ಸುಮಾರು ೨. ಹಾಗಾದರೆ ಎದುರಿನ ಕಟ್ಟಡದ ಎತ್ತರದ ಅರ್ಧದಷ್ಟಾದರೂ ನಡುವೆ ಬಯಲಿರಬೇಕು. ಕಟ್ಟಡವು ೧೨ ಮೀಟರು ಎತ್ತರವಾಗಿದ್ದರೆ ನಡುವಿನ ಎಡೆಯು ೬ ಮೀಟರು. ನೀವು ಮನೆಗೆ ಹೋದ ಮೇಲೆ ಕಿಟಕಿಯ ಬುಡದಲ್ಲಿ ಕುಳಿತು ಆಕಾಶವು ಕಾಣುತ್ತದೆಯೇ ಎಂದು ನೋಡಿರಿ, ಕೋನಮಾಪಕವಿದ್ದರೆ ಅಳೆಯಿರಿ. ನಮ್ಮಲ್ಲಿ ಬಹುಮಂದಿಗೆ ಉತ್ತರವು ಸಂತೋಷವನ್ನು ಕೊಡಲಾರದು.

ಖಾಲಿ ನೆಲದಲ್ಲಿ ಮಂಡಳಿಯು ನಿರ್ಮಿಸಿದ ದಾದರ್-ಮಾಟುಂಗಾ ಬಡಾವಣೆಯು ಇವೆಲ್ಲಕ್ಕಿಂತ ಸೊಗಸಾದುದು. ಕನ್ನಡಿಗರಿಗೆ ಅದು ಪರಕೀಯವಲ್ಲ. ಮುಂಬಯಿಯ ಕನ್ನಡ ಸಂಘ ಸಂಸ್ಥೆಗಳಲ್ಲಿ ಪ್ರಮುಖವಾದ ಕೆಲವು ಆ ಸುತ್ತಿನಲ್ಲಿಯೇ ಬೆಳೆದವು. ಅಲ್ಲಿ ಒಮ್ಮೆ ನಡೆದು ನೋಡಿರಿ. ಈಗ ಅಂಬೇಡ್ಕರ್ ರಸ್ತೆಯೆನಿಸಿಕೊಂಡಿರುವ ಹೆಬ್ಬೀದಿ ಉದ್ದಕ್ಕೂ ಸಾಗುತ್ತದೆ. ಅದರಿಂದ ಒಳಗೆ ಸಣ್ಣ ಬೀದಿಗಳು ಕವಲೊಡೆಯುತ್ತವೆ. ಹಿಂದೂ ಕಾಲೊನಿಯಲ್ಲಿ ಈ ಒಳಬೀದಿಗಳಿಗೆ ಒಂದನೆಯದು, ಎರಡನೆಯದು ಎಂದು ಅಂಕೆಯೇ ಹೆಸರು. ದೂರ ಹೋಗುವ ವಾಹನವು ಹೆಬ್ಬೀದಿಯಲ್ಲಿಯೇ ಹೋಗುತ್ತದೆ. ಮನೆಗೆ ಹೋಗುವವನು ಮಾತ್ರ ಒಳಕ್ಕೆ ತಿರುಗುತ್ತಾನೆ. ಮಕ್ಕಳು ಆಡುವ ಬೀದಿ ಬೇರೆ, ಬಸ್ಸು ಓಡುವ ಬೀದಿ ಬೇರೆ ಎಂಬ ವಿವೇಕವು ಅಲ್ಲಿಯ ನಕ್ಷೆಯಲ್ಲಿಯೇ ಅಡಗಿದೆ.

೧೮೯೮ರಲ್ಲಿ ಪ್ಲೇಗು ಬೆಂಗಳೂರಿಗೂ ಹೋಯಿತು. ಆ ದಶಕದಲ್ಲಿ ರೂಪುಗೊಂಡ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಬೀದಿಗಳು ಚದುರಂಗದ ಹಲಗೆಯಂತೆ ನೇರವಾಗಿ ಒಂದನ್ನೊಂದು ಕತ್ತರಿಸುತ್ತವೆ. ಉದ್ದಬೀದಿಗೆ ಮೇನ್ ಎಂದೂ ಅಡ್ಡಬೀದಿಗೆ ಕ್ರಾಸ್ ಎಂದೂ ಹೆಸರಾಗಿ, ಈಗ ಅವು ಕನ್ನಡದ ಮಾತುಗಳೇ ಆಗಿಬಿಟ್ಟಿವೆ. ಮಲ್ಲೇಶ್ವರದ ಮನೆಗಳ ಹಿಂಬದಿಗೆ ಇನ್ನೊಂದು ಕಿರಿದಾದ ಓಣಿಯಿತ್ತು. ಕನ್ಸರ್ವೆನ್ಸಿ ಲೇನ್ ಎಂದು ಕರೆಯುತ್ತಿದ್ದರು. ಒಳಚರಂಡಿಯಿಲ್ಲದ ಆ ಕಾಲದಲ್ಲಿ ಮಲವನ್ನು ಹೊತ್ತೊಯ್ಯುವ ಕೆಲಸದವರು ಮುಂಬಾಗಿಲಿನ ಬೀದಿಗೆ ಬಾರದೆ ಹಿಂದಿನಿಂದಲೇ ಬಂದು ಹೋಗಬೇಕಾಗಿತ್ತು. ಈ ಓಣಿಯಲ್ಲಿ ಯೋಜಕನ ಜಾಣತನವೂ ಇದೆ, ನಮ್ಮ ಸಮಾಜದ ನಾಚಿಕೆಯೂ ಇದೆ. ದಾರಿಯನ್ನು ಯಾರಿಗಾಗಿ ಮಾಡಿದರು ಎಂಬುದನ್ನು ಕೇಳಿದೊಡನೆ ಅಳತೆಯ ಪಾಠವು ಮನುಷ್ಯರ ಪಾಠವಾಗುತ್ತದೆ.

ಮೋಟಾರು ಹೆಚ್ಚಿದ ಮೇಲೆ ಸಮಸ್ಯೆಯು ಬೇರೆಯಾಯಿತು. ೧೯೨೯ರಲ್ಲಿ ಅಮೆರಿಕದ ನ್ಯೂ ಜೆರ್ಸಿಯ ರಾಡ್‌ಬರ್ನ್ ಎಂಬಲ್ಲಿ ಕ್ಲಾರೆನ್ಸ್ ಸ್ಟೈನ್, ಹೆನ್ರಿ ರೈಟ್ ಎಂಬ ಇಬ್ಬರು ಯೋಜಕರು ಹೊಸದೊಂದು ಕ್ರಮವನ್ನು ಹಾಕಿದರು. ಮೋಟಾರು ಮನೆಯ ಒಂದು ಬದಿಗೆ, ತುದಿ ಮುಚ್ಚಿದ ಚಿಕ್ಕ ಓಣಿಯೊಂದರ ಮೂಲಕ ಬರಬೇಕು. ಇನ್ನೊಂದು ಬದಿಗೆ ತೋಟ, ನಡೆಯುವ ದಾರಿ. ಮಗುವು ಮೋಟಾರಿನ ದಾರಿಯನ್ನು ಮೆಟ್ಟದೆಯೇ ಶಾಲೆಗೆ ಹೋಗಲು ರಸ್ತೆಯ ಕೆಳಗೆ ಹಾದಿಯನ್ನೂ ಮಾಡಿದರು. ನಮ್ಮ ದೇಶದಲ್ಲಿ ೧೯೫೧ರಿಂದ ಚಂಡೀಗಢದ ಯೋಜನೆಯನ್ನು ಕೈಗೊಂಡ ಲೆ ಕಾರ್ಬೂಸಿಯೆ ಅವರು ದಾರಿಗಳನ್ನು ಏಳು ವರ್ಗ ಮಾಡಿದರು. ಮೊದಲನೆಯದು ಊರಿಂದೂರಿಗೆ ಹೋಗುವ ಹೆದ್ದಾರಿ. ಮೂರನೆಯದು ೮೦೦ ಮೀಟರು ಅಗಲ, ೧೨೦೦ ಮೀಟರು ಉದ್ದದ ಒಂದೊಂದು ಸೆಕ್ಟರನ್ನೂ ಸುತ್ತುವರಿಯುವ ವೇಗದ ರಸ್ತೆ. ಅದರತ್ತ ಯಾವ ಮನೆಯ ಬಾಗಿಲೂ ತೆರೆಯುವುದಿಲ್ಲ. ನಾಲ್ಕನೆಯದು ಅಂಗಡಿಗಳ ಬೀದಿ, ಆರನೆಯದು ಮನೆಬಾಗಿಲಿಗೆ ಬರುವುದು, ಏಳನೆಯದು ಹಸುರಿನ ನಡುವೆ ಕೇವಲ ನಡೆಯುವವರಿಗಾಗಿ. ಸೈಕಲ್ಲಿಗೆಂದು ಎಂಟನೆಯದು ತರುವಾಯ ಸೇರಿತು. ದೇಹದಲ್ಲಿ ದೊಡ್ಡ ರಕ್ತನಾಳದಿಂದ ಸಣ್ಣ ನಾಳಕ್ಕೆ, ಅಲ್ಲಿಂದ ಸೂಕ್ಷ್ಮನಾಳಕ್ಕೆ ರಕ್ತವು ಹರಿಯುವಂತೆ ಇದು. ದೊಡ್ಡ ನಾಳವನ್ನು ನೇರವಾಗಿ ಬೆರಳ ತುದಿಗೆ ಜೋಡಿಸಿದರೆ ಏನಾದೀತೆಂದು ನಿಮ್ಮ ವಿಜ್ಞಾನದ ಗುರುಗಳನ್ನು ಕೇಳಿರಿ.

ಈಗ ಅಂಕೆಗಳಿಗೆ ಬರುತ್ತೇವೆ. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯು ಮೊದಲು ೧೯೭೦ರಲ್ಲಿ ಪ್ರಕಟವಾಗಿ, ೧೯೮೩, ೨೦೦೫, ೨೦೧೬ರಲ್ಲಿ ಪರಿಷ್ಕೃತವಾಯಿತು. ಅದು ಮಾದರಿ, ಆಯಾ ನಗರವು ಅದನ್ನು ನೋಡಿ ತನ್ನ ನಿಯಮವನ್ನು ಮಾಡಿಕೊಳ್ಳುತ್ತದೆ. ೬ ಮೀಟರಿಗಿಂತ ಕಡಮೆ ಅಗಲದ ಬೀದಿಯಿದ್ದಲ್ಲಿ ಹೊಸ ನಿವೇಶನಗಳಿಗೆ ಒಪ್ಪಿಗೆಯಿಲ್ಲವೆಂಬುದು ಅದರ ಮೊದಲ ಮಾತು. ಆ ೬ ಮೀಟರಿನ ದಾರಿಯೂ ೭೫ ಮೀಟರಿಗಿಂತ ಉದ್ದವಾಗಬಾರದು. ೧೫೦ ಮೀಟರಿನವರೆಗೆ ಹೋಗಬೇಕಾದರೆ ಅಗಲವು ೭.೫ ಮೀಟರು ಇರಬೇಕು. ೨೫೦ ಮೀಟರಿಗೆ ೯, ೪೦೦ ಮೀಟರಿಗೆ ೧೨, ೧೦೦೦ ಮೀಟರಿಗೆ ೧೮. ಅದಕ್ಕೂ ಮಿಗಿಲಾದರೆ ೨೪. ಒಂದೇ ಬದಿಯಲ್ಲಿ ಮನೆಗಳಿದ್ದರೆ ಅಗಲದಲ್ಲಿ ಒಂದು ಮೀಟರನ್ನು ಕಡಮೆ ಮಾಡಬಹುದು.

ಉದ್ದ ಹೆಚ್ಚಿದಂತೆ ಅಗಲವೇಕೆ ಹೆಚ್ಚಬೇಕು? ಲೆಕ್ಕ ಮಾಡಿ ನೋಡೋಣ. ಒಂದೊಂದು ನಿವೇಶನವೂ ಬೀದಿಯ ಕಡೆಗೆ ೯ ಮೀಟರು ಇದೆಯೆಂದುಕೊಳ್ಳಿರಿ. ೭೫ ಮೀಟರಿನ ಬೀದಿಯಲ್ಲಿ ಒಂದು ಬದಿಗೆ ಎಂಟು, ಎರಡು ಬದಿಗೂ ಸೇರಿ ಹದಿನಾರು ನಿವೇಶನಗಳು. ೪೦೦ ಮೀಟರಿನ ಬೀದಿಯಲ್ಲಿ ಎಂಬತ್ತೆಂಟು. ಎಂಬತ್ತೆಂಟು ಕಟ್ಟಡಗಳವರೂ ಬೆಳಗಿನ ಎಂಟು ಗಂಟೆಗೆ ಒಂದೇ ಬಾಯಿಯಿಂದ ಹೊರಬರಬೇಕು. ಬಾಟಲಿಯು ದೊಡ್ಡದಾದಂತೆ ಅದರ ಕತ್ತೂ ಅಗಲವಾಗಬೇಕೆಂಬುದನ್ನು ಎಣ್ಣೆ ಸುರಿಯುವಾಗ ಅಮ್ಮನೇ ನಿಮಗೆ ತೋರಿಸಿಯಾಳು. ಕಟ್ಟಡವು ನಾಲ್ಕು ಮಹಡಿಯದಾದರೆ ಈ ಲೆಕ್ಕವನ್ನು ನೀವೇ ಮುಂದುವರಿಸಿರಿ.

ಇನ್ನು ತುದಿ ಮುಚ್ಚಿದ ಓಣಿ. ಮುಂಬಯಿಯಲ್ಲಿ ಇದನ್ನು ಬಂದ್ ಗಲ್ಲಿ ಎನ್ನುತ್ತೇವೆ. ಹಾದುಹೋಗುವ ವಾಹನಗಳಿಲ್ಲದ್ದರಿಂದ ಶಾಂತವಾಗಿರುತ್ತದೆ, ಕ್ರಿಕೆಟ್ಟಿಗಂತೂ ಸ್ವರ್ಗ. ಆದರೆ ಒಳಗೆ ಬಂದ ವಾಹನವು ಮರಳಿ ಹೋಗುವುದೆಂತು? ಸಂಹಿತೆಯು ಇಂತಹ ಓಣಿಗಳನ್ನು ವಸತಿಯ ಪ್ರದೇಶದಲ್ಲಿ ಮಾತ್ರ, ಅದೂ ನೇರವಾದ ದಾರಿಯಲ್ಲಿ ಮಾತ್ರ ಒಪ್ಪುತ್ತದೆ. ೧೫೦ ಮೀಟರಿಗೂ ಮೀರಿ ೨೭೫ ಮೀಟರಿನವರೆಗೆ ಹೋಗುವುದಾದರೆ ೧೫೦ ಮೀಟರಿನಲ್ಲಿಯೂ ಒಂದು ತಿರುಗುವ ಜಾಗ ಬೇಕು. ಆ ಜಾಗವು ೮೧ ಚದರ ಮೀಟರಿಗೆ ಕಡಮೆಯಿರಬಾರದು. ಯಾವ ಬದಿಯೂ ೯ ಮೀಟರಿಗೆ ಕಡಮೆಯಾಗಬಾರದು. ಇನ್ನೊಂದು ವಿಚಿತ್ರವಾದ ಮಾತಿದೆ: ಓಣಿಯ ಮುಚ್ಚಿದ ತುದಿಯು ಅದರ ಬಾಯಿಗಿಂತ ಎತ್ತರದಲ್ಲಿರಬೇಕು. ವಾಹನಕ್ಕೂ ಇದಕ್ಕೂ ಸಂಬಂಧವೇನು ಎಂದು ಕೇಳುವಿರಿ. ಜುಲೈ ತಿಂಗಳ ಮುಂಬಯಿಯ ಮಳೆಯನ್ನು ನೆನೆದುಕೊಳ್ಳಿರಿ, ಉತ್ತರವು ತಾನಾಗಿ ಹೊಳೆಯುತ್ತದೆ. ತುದಿಯು ತಗ್ಗಾದರೆ ಬಿದ್ದ ನೀರೆಲ್ಲ ಅಲ್ಲಿಗೇ ಹರಿದು, ಮುಂದೆ ಹೋಗಲು ದಾರಿಯಿಲ್ಲದೆ ಕೊನೆಯ ಮನೆಯ ಹೊಸ್ತಿಲನ್ನು ಏರುತ್ತದೆ. ಎತ್ತರವಾಗಿದ್ದರೆ ಬಾಯಿಯ ಕಡೆಗೆ ಹರಿದು ದೊಡ್ಡ ಮೋರಿಯನ್ನು ಸೇರುತ್ತದೆ. ಒಂದೇ ಸಾಲಿನ ಈ ನಿಯಮವನ್ನು ಬರೆದವರ ಬಗ್ಗೆ ನಮಗೆ ಬಹಳ ಗೌರವ.

ಮುಂಬಯಿಯವರು ಬಂಬ್ ಎಂದು ಕರೆಯುವ ಅಗ್ನಿಶಾಮಕ ವಾಹನವು ಅಗಲದಲ್ಲಿ ಸುಮಾರು ಎರಡೂವರೆ ಮೀಟರು ಇರುತ್ತದೆ. ಹದಿನೈದು ಮೀಟರಿಗೂ ಅದಕ್ಕಿಂತ ಹೆಚ್ಚಿಗೂ ಎತ್ತರವಾದ ಕಟ್ಟಡಗಳಿಗೆ ಸಂಹಿತೆಯು ಹೇಳುವುದೇನೆಂದರೆ: ಆವರಣದ ಹೆಬ್ಬಾಗಿಲು ೬ ಮೀಟರಿಗೆ ಕಡಮೆಯಿರಬಾರದು, ಗೇಟು ಪೂರ್ಣವಾಗಿ ಮಡಿಚಿ ಗೋಡೆಗೆ ಅಂಟಿಕೊಳ್ಳುವಂತಿರಬೇಕು, ಮೇಲೆ ಕಮಾನಿದ್ದರೆ ಅದರ ಕೆಳಗೆ ನಾಲ್ಕೂವರೆ ಮೀಟರು ಎತ್ತರದ ಬಯಲಿರಬೇಕು. ವಾಹನವು ನಿಲ್ಲುವ ನೆಲವು ೪೫ ಟನ್ನಿನ ಭಾರವನ್ನು ತಾಳಬೇಕು. ಉದ್ದನೆಯ ಏಣಿಯ ಬಂಬು ಅಷ್ಟು ಭಾರವಾದುದು. ತಿರುಗಲು ೯ ಮೀಟರಿನ ತ್ರಿಜ್ಯ ಬೇಕು. ತ್ರಿಜ್ಯವು ೯ ಆದರೆ ವ್ಯಾಸವು ೧೮. ಹಾಗಾದರೆ ಮೇಲೆ ಹೇಳಿದ ೯ ಮೀಟರು ಚೌಕದಲ್ಲಿ ಕಾರು ತಿರುಗೀತು, ಬಂಬು ಒಂದೇ ಸುತ್ತಿಗೆ ತಿರುಗಲಾರದು. ಹಿಂದೆ ಮುಂದೆ ಮಾಡಿಯೇ ತಿರುಗಬೇಕು. ಕನಿಷ್ಠ ಅಳತೆಯನ್ನು ಪಾಲಿಸಿದರೆ ಸಾಕೆಂದು ತಿಳಿಯುವವರು ಈ ಎರಡು ಅಂಕೆಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಬೇಕು.

ಮೂಲೆಗಳನ್ನು ಕತ್ತರಿಸಿದಂತೆ ಓರೆಯಾಗಿಯೋ ದುಂಡಾಗಿಯೋ ಮಾಡುವುದನ್ನು ನೀವು ನೋಡಿರಬಹುದು. ಅದು ಅಂದಕ್ಕಾಗಿ ಅಲ್ಲ. ಮಳೆ ನಿಂತ ಮೇಲೆ ಲಾರಿಯೊಂದು ತಿರುಗಿದ ಜಾಗದಲ್ಲಿ ಗಾಲಿಯ ಗುರುತುಗಳನ್ನು ಗಮನಿಸಿರಿ. ಹಿಂದಿನ ಗಾಲಿಯು ಮುಂದಿನ ಗಾಲಿಯ ಜಾಡಿನಲ್ಲಿ ಹೋಗುವುದಿಲ್ಲ, ಮೂಲೆಯ ಕಡೆಗೆ ಒಳಸರಿದು ಹೋಗುತ್ತದೆ. ವಾಹನವು ಉದ್ದವಾದಷ್ಟೂ ಈ ಒಳಸರಿತ ಹೆಚ್ಚು. ಮೂಲೆಯು ಚೂಪಾಗಿದ್ದರೆ ಗಾಲಿಯು ಫುಟ್‌ಪಾತನ್ನು ಏರುತ್ತದೆ. ಅಲ್ಲಿ ನಿಂತವರ ಗತಿ ಹೇಳಬೇಕಾಗಿಲ್ಲ. ಓರೆಯಾಗಿ ಕತ್ತರಿಸಿದ ಮೂಲೆಯಲ್ಲಿ ಆಚೆಯ ಬೀದಿಯಿಂದ ಬರುವವರು ಮೊದಲೇ ಕಾಣುವುದು ಮತ್ತೊಂದು ಲಾಭ.

ಫುಟ್‌ಪಾತಿಗೆ ಭಾರತೀಯ ರಸ್ತೆ ಕಾಂಗ್ರೆಸ್ಸಿನ ೨೦೧೨ರ ಸೂಚನೆಯು ವಸತಿಯ ಬೀದಿಗಳಲ್ಲಿ ಕನಿಷ್ಠ ೧.೮ ಮೀಟರು ಅಗಲ, ೨.೨ ಮೀಟರು ಎತ್ತರದ ನಿರಾತಂಕವಾದ ಎಡೆಯನ್ನು ಕೇಳುತ್ತದೆ. ಗಾಲಿಕುರ್ಚಿಗಳೆರಡು ಎದುರುಬದುರಾಗಿ ಹಾಯಲು ಅಷ್ಟು ಬೇಕು. ಕಂಬ, ಮರ, ತರಕಾರಿಯ ಬುಟ್ಟಿ ಇವೆಲ್ಲ ಆ ಅಳತೆಗೆ ಹೊರಗಿರಬೇಕು. ಇದರ ಬಗ್ಗೆ ಹೆಚ್ಚು ಬರೆಯಲು ಮನಸ್ಸಾಗದು. ನಡೆದು ಬರುವ ನಿಮಗೆ ಗೊತ್ತೇ ಇದೆ.

ಅಂಕೆಗಳು ಪುಸ್ತಕದಲ್ಲಿ ಸರಿಯಾಗಿವೆ. ಬೀದಿಯಲ್ಲಿ? ನಮ್ಮ ಎಂಟನೆಯ ತರಗತಿಯವರು ಟೇಪು ಹಿಡಿದು ತಮ್ಮ ತಮ್ಮ ಗಲ್ಲಿಗಳನ್ನು ಅಳೆದು ತಂದರು. ಗೋಡೆಯಿಂದ ಗೋಡೆಗೆ ೬ ಮೀಟರು ಎಂದು ಒಬ್ಬನು ಹೆಮ್ಮೆಯಿಂದ ಬರೆದಿದ್ದನು. ನಾವು ಅದನ್ನು ಕರಿಹಲಗೆಯ ಮೇಲೆ ಬಿಡಿಸಿದೆವು. ಒಂದು ಕಾರಿನ ಅಗಲ ಸುಮಾರು ೧.೭ ಮೀಟರು. ಕನ್ನಡಿಗೂ ಗೋಡೆಯ ಬದಿಗೂ ಸೇರಿ ಒಂದು ಗೇಣು, ಎಂದರೆ ೦.೨ ಮೀಟರು ಸೇರಿಸಿದರೆ ೧.೯. ಎರಡು ಬದಿಗೂ ಕಾರುಗಳು ನಿಂತರೆ ೩.೮. ಉಳಿದದ್ದು ೨.೨ ಮೀಟರು. ಬಂಬಿಗೆ ಎರಡೂವರೆ ಬೇಕು. ತರಗತಿಯು ಒಂದು ಕ್ಷಣ ಮೌನವಾಯಿತು. ನಕ್ಷೆಯಲ್ಲಿ ೬ ಮೀಟರಿದ್ದ ಬೀದಿಯು ರಾತ್ರಿ ಹತ್ತರ ಮೇಲೆ ೨.೨ ಮೀಟರಿನ ಸಂದಿ. ಕಾರುಗಳು ಒಂದೇ ಬದಿಗೆ ನಿಂತರೆ ಉಳಿಯುವುದು ೪.೧, ಆಗ ಬಂಬು ಬಂದೀತು, ಅದರ ಜನರು ಬಾಗಿಲು ತೆರೆದು ಇಳಿದಾರು, ಕೊಳವೆಯನ್ನು ಬಿಚ್ಚಿಯಾರು. ಒಂದು ಬದಿಯೆಂಬ ನಿರ್ಧಾರಕ್ಕೆ ಸಿಮೆಂಟೂ ಬೇಡ, ಹಣವೂ ಬೇಡ. ಆದರೆ ಅಕ್ಕಪಕ್ಕದವರು ಒಂದು ಸಂಜೆ ಕುಳಿತು ಮಾತನಾಡಬೇಕು. ಅದೇ ಕಠಿನವೆಂದು ವಿದ್ಯಾರ್ಥಿನಿಯೊಬ್ಬಳು ಹೇಳಿದ್ದು ನಿಜ.

ಅದೇ ತರಗತಿಯ ಹುಡುಗನೊಬ್ಬನ ಅಜ್ಜಿಗೆ ಕಳೆದ ಮಳೆಗಾಲದ ಒಂದು ರಾತ್ರಿ ಎದೆನೋವು ಬಂದಿತು. ಆಂಬುಲೆನ್ಸು ಬೇಗನೆ ಬಂದಿತ್ತು, ಆದರೆ ಗಲ್ಲಿಯ ಬಾಯಲ್ಲಿಯೇ ನಿಂತಿತು. ಒಳಗೆ ಅಡ್ಡಾದಿಡ್ಡಿಯಾಗಿ ಸ್ಕೂಟರುಗಳು. ಅಜ್ಜಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ನಾಲ್ವರು ಹೊತ್ತು, ಒಬ್ಬರು ಕೊಡೆ ಹಿಡಿದು, ಒಂದೊಂದು ಸ್ಕೂಟರನ್ನೂ ಎತ್ತಿ ಸರಿಸುತ್ತ ಬಾಯಿಯವರೆಗೆ ತಂದರು. ಅವರು ಈಗ ಗುಣಮುಖರಾಗಿ ಮನೆಯಲ್ಲಿದ್ದಾರೆ. ಮೆಟ್ಟಿಲಿಳಿದಲ್ಲಿಂದ ಆಂಬುಲೆನ್ಸಿನವರೆಗೆ ಹನ್ನೊಂದು ನಿಮಿಷವಾಯಿತೆಂದು ಹುಡುಗನು ಗಡಿಯಾರ ನೋಡಿ ಹೇಳಿದನು. ಟೇಪು ಹಿಡಿದು ಅಳೆಯಲು ಹೊರಟವರಲ್ಲಿ ಅವನೇ ಮೊದಲಿಗನು.

ಬೀದಿಯನ್ನು ಅಗಲಿಸುವುದು ನಮ್ಮ ಕೈಯಲ್ಲಿಲ್ಲ. ಆದರೆ ೧೦೧ಕ್ಕೆ ಬಂಬಿಗೋ ೧೦೮ಕ್ಕೆ ಆಂಬುಲೆನ್ಸಿಗೋ ಫೋನು ಮಾಡುವಾಗ ಕಟ್ಟಡದ ಹೆಸರನ್ನಷ್ಟೇ ಹೇಳಿ ನಿಲ್ಲಿಸಬೇಡಿರಿ. ಗಲ್ಲಿಗೆ ಎರಡು ಬಾಯಿಗಳಿದ್ದರೆ ಯಾವ ಬಾಯಿ ಅಗಲವಾದುದು, ಅದರ ಹತ್ತಿರದ ಗುರುತೇನು ಎಂಬುದನ್ನು ಹೇಳಿರಿ. ಗೇಟಿನ ಬೀಗದ ಕೈ ಯಾರ ಬಳಿಯಿದೆಯೆಂದು ಈಗಲೇ ತಿಳಿದಿಟ್ಟುಕೊಳ್ಳಿರಿ. ಫೋನು ಇಟ್ಟೊಡನೆ ಇಬ್ಬರು ಕೆಳಗಿಳಿಯಿರಿ: ಒಬ್ಬನು ಗಲ್ಲಿಯ ಬಾಯಲ್ಲಿ ದೀಪ ಹಿಡಿದು ನಿಲ್ಲಲಿ, ಇನ್ನೊಬ್ಬನು ಸ್ಕೂಟರುಗಳನ್ನು ಸರಿಸಲು ತೊಡಗಲಿ.